ಬೇರೆ ಮನೆ ಮಾಡದೆ ಬೇರೆಯಾಗುವುದು

"ಮನೇಲಿ ಒಂದ್ ಮಾತು ಕೇಳಿ ಹೇಳ್ತೀನಿ."

ಸೈಟು ಕೊಳ್ಳುವ ವಿಷಯವಿರಲಿ, ಕೆಲಸ ಬಿಡುವ ವಿಷಯವಿರಲಿ, ಗೆಳೆಯರ ಜೊತೆ ಎರಡು ದಿನ ಗೋಕರ್ಣಕ್ಕೆ ಹೋಗಿಬರುವ ವಿಷಯವಿರಲಿ, ನಮ್ಮಲ್ಲಿ ಮೂವತ್ತೈದು ದಾಟಿದವರ ಬಾಯಲ್ಲೂ ಇದೇ ಮಾತು. ಇದನ್ನು ಎರಡು ರೀತಿಯಲ್ಲಿ ಆಡಬಹುದು. ಈ ತೀರ್ಮಾನದ ಬಿಸಿ ಮನೆಯವರಿಗೂ ತಟ್ಟುತ್ತದೆ, ಅವರು ಏನಂತಾರೆ ಕೇಳಿಕೊಂಡು ಆಮೇಲೆ ನಾನು ತೀರ್ಮಾನಿಸುತ್ತೇನೆ ಎಂಬುದು ಒಂದು ರೀತಿ. ನನಗೆ ಏನು ಬೇಕೋ ನನಗೇ ತಿಳಿಯದು, ತಿಳಿದರೂ ಹೇಳುವ ಧೈರ್ಯವಿಲ್ಲ, ಸದ್ಯಕ್ಕೆ ಮನೆಯ ಹೆಸರು ಹೇಳಿ ಜಾರಿಕೊಳ್ಳುತ್ತೇನೆ ಎಂಬುದು ಇನ್ನೊಂದು. ಎದುರಿಗಿದ್ದವರಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಆಡಿದವರಿಗಾದರೂ ಯಾವುದು ಯಾವುದೆಂದು ಗೊತ್ತಿರಬೇಕು.

ಇದರ ಬಗ್ಗೆ ಕನ್ನಡದಲ್ಲಿ ಮಾತಾಡಲು ಹೊರಟರೆ ಮೊದಲು ಪದವೇ ಅಡ್ಡ ಬರುತ್ತದೆ. 'ಬೇರೆಯಾದರು' ಅಂದರೆ ಒಲೆ ಎರಡಾಯಿತು, ಪಾತ್ರೆಪಗಡ ಹಂಚಿಕೊಂಡರು, ಜಮೀನಿನ ನಡುವೆ ಬದು ಬಿತ್ತು ಎಂದೇ ಅರ್ಥ. ಹೇಳಿದ ಮಾತು ಕೇಳುವವನು ಒಳ್ಳೆಯ ಮಗ, ತನ್ನ ಮಾತೇ ನಡೆಯಬೇಕು ಅನ್ನುವವನು ಕೆಟ್ಟವನು. ಮನೆಯವರ ಜೊತೆಗೇ ಇದ್ದು, ಅವರು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ತನ್ನದನ್ನೂ ಹೇಳಿ, ಹೇಳಿದ್ದಕ್ಕೆ ತಾನೇ ಹೊಣೆಯಾಗಿ ನಿಲ್ಲುವವರಿಗೆ ದಿನಬಳಕೆಯಲ್ಲಿ ಹೆಸರೇ ಇಲ್ಲ. ಹಾಗೆ ನಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಾತ್ರ ಗಾದೆ ಸಿದ್ಧವಿದೆ: ದಾಕ್ಷಿಣ್ಯಕ್ಕೆ ಬಸುರಾದರೆ ಹೆರುವುದಕ್ಕೆ ತಾವಿಲ್ಲ.

ಈ ವಿಷಯವನ್ನು ಎಳೆ ಎಳೆಯಾಗಿ ಬಿಡಿಸಿಟ್ಟವರು ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್. 1954ರಿಂದ 1959ರವರೆಗೆ ಅವರು ಬೆಥೆಸ್ಡಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ರೋಗಿಗಳ ಜೊತೆ ಮನೆಯವರನ್ನೂ ವಾರ್ಡಿನಲ್ಲೇ ಇರಿಸಿಕೊಂಡು ಗಮನಿಸಿದರು. ಮೊದಲು ತಾಯಂದಿರು ಬಂದರು, ಆಮೇಲೆ ಅಪ್ಪಂದಿರು, ಒಡಹುಟ್ಟಿದವರು. ಅದೇ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಉಳಿಸಿಕೊಳ್ಳುತ್ತಿದ್ದರು. ಅಮೃತಸರದಲ್ಲಿ ಮನೆಯವರು ಬಂದದ್ದು ಆರೈಕೆಗೆ, ಬೆಥೆಸ್ಡಾದಲ್ಲಿ ಅಧ್ಯಯನಕ್ಕೆ. ಬೋವೆನ್ ಅವರಿಗೆ ಕಂಡದ್ದು ಇಷ್ಟು: ಮನೆಯಲ್ಲಿ ಒಬ್ಬರ ಆತಂಕ ಒಬ್ಬರಲ್ಲೇ ನಿಲ್ಲುವುದಿಲ್ಲ, ದಾಟುತ್ತಾ ಹೋಗುತ್ತದೆ. ಅಮ್ಮನಿಗೆ ಗಾಬರಿಯಾದರೆ ಮಗನ ಹೊಟ್ಟೆ ಹಿಂಡುತ್ತದೆ, ಮಗನ ಮುಖ ನೋಡಿ ಅಮ್ಮನ ಗಾಬರಿ ಇಮ್ಮಡಿಯಾಗುತ್ತದೆ. ಇಂಥ ಹೊತ್ತಿನಲ್ಲೂ ತನ್ನ ವಿಚಾರ ಯಾವುದು, ಬಂದು ಅಂಟಿದ ಭಾವ ಯಾವುದು ಎಂದು ಎಷ್ಟರಮಟ್ಟಿಗೆ ಬಿಡಿಸಿಕೊಳ್ಳಬಲ್ಲರೋ ಅಷ್ಟರಮಟ್ಟಿಗೆ ಆ ವ್ಯಕ್ತಿಗೆ ತನ್ನತನವಿದೆ ಎಂದರು ಅವರು. ಸೊನ್ನೆಯಿಂದ ನೂರರವರೆಗೆ ಒಂದು ಅಳತೆಗೋಲನ್ನೂ ಕಲ್ಪಿಸಿದರು. ಅದು ವಿಚಾರಕ್ಕೆಂದು ಮಾಡಿದ ಗೋಲು, ಯಾರಿಗೂ ಅಂಕ ಕೊಡಲಿಕ್ಕಲ್ಲ. ನೂರು ಮುಟ್ಟಿದ ಮನುಷ್ಯರೂ ಇಲ್ಲ.

ಅವರ ಇನ್ನೊಂದು ವಿಂಗಡಣೆ ನನಗೆ ಹೆಚ್ಚು ಕೆಲಸಕ್ಕೆ ಬರುತ್ತದೆಂದು ಅನ್ನಿಸುವುದು: ಗಟ್ಟಿ ನಾನು, ಎರವಲು ನಾನು. ಯಾರು ಎಷ್ಟೇ ಒತ್ತಿದರೂ ಬದಲಾಗದ, ಯೋಚಿಸಿ ತನ್ನದಾಗಿಸಿಕೊಂಡ ನಿಲುವುಗಳು ಗಟ್ಟಿ ನಾನು. ಎದುರಿಗಿರುವವರಿಗೆ ತಕ್ಕಂತೆ ಹಿಗ್ಗುವ, ಕುಗ್ಗುವ, ಸಾಲ ತಂದ ನಿಲುವುಗಳು ಎರವಲು ನಾನು. ಕಚೇರಿಯಲ್ಲಿ ಇಪ್ಪತ್ತು ಜನರಿಗೆ ಹುಕುಂ ಕೊಡುವ ಮ್ಯಾನೇಜರ್ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದಂತೆ ಹದಿನಾಲ್ಕರ ಹುಡುಗನಾಗಿಬಿಡುತ್ತಾನಲ್ಲ, ಎರವಲು ಎಷ್ಟಿತ್ತು ಎಂಬ ಲೆಕ್ಕ ಅಲ್ಲಿ ಸಿಗುತ್ತದೆ.

ತನ್ನತನ ಎಂದುಕೊಂಡು ಮೋಸಹೋಗುವ ಜಾಗಗಳೂ ಇವೆ. ಒಂದು, ದೂರ ಹೋಗುವುದು. ಬೆಂಗಳೂರಿಗೋ ಡಲ್ಲಾಸ್‌ಗೋ ಹೋದರೆ ಬಿಡುಗಡೆಯಾಯಿತು ಎಂದುಕೊಂಡವರು, ಭಾನುವಾರದ ವಿಡಿಯೊ ಕಾಲ್‌ಗೆ ಅರ್ಧ ಗಂಟೆ ಮೊದಲೇ ಹೆಂಡತಿಯ ಮೇಲೆ ಸಿಡಿಮಿಡಿಗೊಳ್ಳುತ್ತಿದ್ದರೆ ಬಿಡುಗಡೆ ಎಲ್ಲಾಯಿತು? ಮಾತು ಬಿಡುವುದೂ ಇದರದೇ ಇನ್ನೊಂದು ರೂಪ. ಹತ್ತು ವರ್ಷದಿಂದ ಅಣ್ಣನ ಜೊತೆ ಮಾತಿಲ್ಲ ಅನ್ನುವವರ ದಿನದಲ್ಲಿ ಆ ಅಣ್ಣ ಎಷ್ಟು ಹೊತ್ತು ಕೂತಿರುತ್ತಾನೆ ಎಂದು ಕೇಳಿ ನೋಡಿ. ಇನ್ನೊಂದು, ಎಲ್ಲದಕ್ಕೂ ಎದುರು ನಿಲ್ಲುವುದು. ಅಪ್ಪ ಪೂರ್ವ ಅಂದದ್ದಕ್ಕೆ ಪಶ್ಚಿಮ ಅನ್ನುವವನ ದಿಕ್ಸೂಚಿ ಈಗಲೂ ಅಪ್ಪನ ಕೈಯಲ್ಲೇ ಇದೆ. ಮೂರನೆಯದು ನಮ್ಮಲ್ಲಿ ತೀರಾ ಸಾಮಾನ್ಯ: ಹೂಂ ಅಂದು, ಮಾಡದೆ ಇರುವುದು. ಮನೆಗೆ ಹೇಳುವುದೇ ಒಂದು, ನಡೆಯುವುದೇ ಒಂದು. ಇದು ಜಗಳ ಉಳಿಸುತ್ತದೆ, ನಿಜ. ಆದರೆ ಇಪ್ಪತ್ತು ವರ್ಷ ಹೀಗೆ ನಡೆಸಿದರೆ ನಮ್ಮನ್ನು ನಿಜವಾಗಿ ಬಲ್ಲವರು ಆ ಮನೆಯಲ್ಲಿ ಒಬ್ಬರೂ ಉಳಿದಿರುವುದಿಲ್ಲ.

ಮೊದಲ ಕೆಲಸ: ಒಂದು ಹಾಳೆ, ಮೂರು ತಲೆಮಾರು

ಮಾತಾಡಲು ಹೋಗುವ ಮೊದಲು ನೋಡುವುದು ಕಲಿಯಬೇಕು. ಅದಕ್ಕೆ ದೊಡ್ಡ ಡ್ರಾಯಿಂಗ್ ಶೀಟು, ಪೆನ್ಸಿಲ್, ರಬ್ಬರು ಸಾಕು. ಪೆನ್ನು ಬೇಡ, ಅಳಿಸುವುದು ಬಹಳ ಇರುತ್ತದೆ. ಕೌನ್ಸೆಲಿಂಗ್‌ನಲ್ಲಿ ಇದನ್ನು ಜೆನೋಗ್ರಾಮ್ ಅನ್ನುತ್ತಾರೆ. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷದ ಅಣ್ಣನೋ ತಮ್ಮನೋ ಅನ್ನಿ. ಆದರೆ ಆ ಸರ್ಟಿಫಿಕೇಟು ಯಾರು ಯಾರಿಗೆ ಏನಾಗಬೇಕು ಎಂದಷ್ಟೇ ಹೇಳುತ್ತದೆ. ನಮ್ಮ ಹಾಳೆ ಯಾರು ಯಾರ ಜೊತೆ ಹೇಗಿದ್ದರು ಎಂದೂ ಹೇಳಬೇಕು.

ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ತೀರಿಕೊಂಡವರ ಚೌಕ ಅಥವಾ ವೃತ್ತದೊಳಗೆ ಗುಣಾಕಾರದ (X) ಗುರುತು. ಗಂಡ ಎಡಕ್ಕೆ, ಹೆಂಡತಿ ಬಲಕ್ಕೆ, ನಡುವೆ ಗೆರೆ. ಮಕ್ಕಳು ಕೆಳಗೆ, ಹಿರಿಯರು ಎಡತುದಿಯಲ್ಲಿ. ನಿಮಗೆ ಎರಡು ಗೆರೆಯ ಚೌಕವೋ ವೃತ್ತವೋ. ಮೇಲಿನ ಸಾಲಿನಲ್ಲಿ ಅಜ್ಜ ಅಜ್ಜಿಯರು ನಾಲ್ವರೂ ಬರಬೇಕು. ತಂದೆಯ ಕಡೆಯವರನ್ನು ತುಂಬಿಸಿ ತಾಯಿಯ ಕಡೆ ಎರಡು ಹೆಸರಿಗೆ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಹುಟ್ಟಿದ ವರ್ಷ, ತೀರಿದ ವರ್ಷ, ಮದುವೆಯ ವರ್ಷ, ಊರು ಬಿಟ್ಟ ವರ್ಷ, ಕೆಲಸ ಸಿಕ್ಕಿದ ಅಥವಾ ಹೋದ ವರ್ಷ, ಚಿಕ್ಕಂದಿನಲ್ಲೇ ಹೋದ ಮಕ್ಕಳು, ಗರ್ಭಪಾತಗಳು. ಆಮೇಲೆ ಸಂಬಂಧದ ಗೆರೆಗಳು: ಅತಿಯಾಗಿ ಅಂಟಿಕೊಂಡವರ ನಡುವೆ ಮೂರು ಸಮಾನಾಂತರ ಗೆರೆ, ಜಗಳವಿದ್ದರೆ ಅಂಕುಡೊಂಕು ಗೆರೆ, ದೂರವಿದ್ದರೆ ಚುಕ್ಕಿ ಗೆರೆ, ಮಾತು ಬಿಟ್ಟಿದ್ದರೆ ಗೆರೆ ತುಂಡರಿಸಿ ನಡುವೆ ಎರಡು ಚಿಕ್ಕ ಅಡ್ಡಗೀಟು.

ತಾರೀಕು ಎಲ್ಲಿ ಸಿಗುತ್ತದೆ? ಜಾತಕ, ಮದುವೆಯ ಕರೆಯೋಲೆ, ಪಹಣಿ, ಹಳೆಯ ರೇಷನ್ ಕಾರ್ಡು. ಎಲ್ಲಕ್ಕಿಂತ ಮಿಗಿಲು ಅಟ್ಟದ ಮೇಲಿನ ಸ್ಟೀಲಿನ ಪಾತ್ರೆಗಳು. ಉಡುಗೊರೆ ಕೊಟ್ಟವರು ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು, ತಾರೀಕು ಕೊರೆಸಿರುತ್ತಾರೆ. ಒಂದು ಕೊಳಗವನ್ನು ಬೆಳಕಿಗೆ ಹಿಡಿದರೆ ಅತ್ತೆಯ ಮದುವೆಗೆ ಯಾವ ಮಾವ ಬಂದಿದ್ದರು ಎಂದು ಗೊತ್ತಾಗುತ್ತದೆ. ಅವರ ಹೆಸರಿನ ಪಾತ್ರೆ ಆ ವರ್ಷದಿಂದಾಚೆಗೆ ಒಂದೂ ಇಲ್ಲದಿದ್ದರೆ ಅಲ್ಲೇನೋ ನಡೆದಿದೆ ಎಂದೂ ಅನುಮಾನಿಸಬಹುದು. ಅನುಮಾನವನ್ನೇ ಹಾಳೆಯ ಮೇಲೆ ಬರೆಯಬೇಡಿ. ಪ್ರಶ್ನಾರ್ಥಕ ಚಿಹ್ನೆ ಹಾಕಿ, ಕೇಳಿ ತಿಳಿಯಿರಿ.

ಪಾಶ್ಚಾತ್ಯ ಪುಸ್ತಕ ನೋಡಿಕೊಂಡು ಬರೆಯಲು ಕೂತವರು ಕರ್ನಾಟಕದ ಮನೆಗಳಲ್ಲಿ ಎಡವುವ ಜಾಗ ಒಂದಿದೆ: ಸೋದರ ಸಂಬಂಧದ ಮದುವೆ. ಅಕ್ಕನ ಮಗಳನ್ನು ತಂದುಕೊಂಡ ಮನೆಯಲ್ಲಿ ಗೆರೆಗಳು ತಲೆಮಾರು ದಾಟಿ ಓರೆಯಾಗಿ ಹೋಗುತ್ತವೆ. ಒಬ್ಬರನ್ನು ಎರಡು ಕಡೆ ಬರೆಯುವ ಆಸೆಯಾಗುತ್ತದೆ, ಬರೆಯಬೇಡಿ. ಒಬ್ಬರಿಗೆ ಒಂದೇ ಗುರುತು, ರಕ್ತಸಂಬಂಧದ ಮದುವೆಗೆ ಜೋಡಿ ಗೆರೆ. ಚಿತ್ರ ಅಂದಗೆಡುತ್ತದೆ, ಕೆಡಲಿ. ಮನೆಯ ಒಳಗುಟ್ಟು ಇರುವುದೇ ಆ ಗೋಜಲಿನಲ್ಲಿ. ಸೋದರಮಾವನನ್ನು ಮದುವೆಯಾದ ಹುಡುಗಿಗೆ ಅತ್ತೆ ಅಂದರೆ ಅಮ್ಮನ ಅಮ್ಮ, ಅಂದರೆ ಅಜ್ಜಿ. ಗಂಡನ ಮೇಲೆ ದೂರು ಹೇಳಿಕೊಳ್ಳಲು ತವರಿಗೆ ಫೋನ್ ಮಾಡಿದರೆ ಆ ಕಡೆ ಫೋನ್ ಎತ್ತುವವಳು ಅವನ ಅಕ್ಕ. ಬೇರೆ ಮನೆಗಳಲ್ಲಿ ತವರು ಒಂದು ಕಡೆ, ಗಂಡನ ಮನೆ ಒಂದು ಕಡೆ ಇದ್ದು ನಡುವೆ ಸ್ವಲ್ಪ ಗಾಳಿಯಾಡುತ್ತದೆ. ಇಲ್ಲಿ ಅದಿಲ್ಲ. ಇಂಥ ಮನೆಯ ಹೆಣ್ಣುಮಗಳಿಗೆ 'ನಿಮ್ಮ ತಾಯಿಯ ಜೊತೆ ಮನಬಿಚ್ಚಿ ಮಾತಾಡಿ' ಎಂಬ ಸಲಹೆ ಕೊಡುವ ಮೊದಲು ಹಾಳೆ ನೋಡಬೇಕು.

ಮಾಹಿತಿ ಕೇಳುವಾಗ 'ಯಾಕೆ' ಎಂಬ ಪದವನ್ನು ಬಾಯಿಂದಲೇ ತೆಗೆಯಿರಿ. ಬೋವೆನ್ ಪಂಥದವರು ಇದನ್ನು ಒತ್ತಿ ಹೇಳುತ್ತಾರೆ, ಕನ್ನಡದಲ್ಲಂತೂ ಇದು ಇನ್ನೂ ನಿಜ. 'ಯಾಕೆ ಓದು ಬಿಡಿಸಿದ್ರಿ?' ಅಂದರೆ ಅದು ಪ್ರಶ್ನೆಯಲ್ಲ, ಆಪಾದನೆ. 'ಓದು ಬಿಟ್ಟಾಗ ನಿಮ್ಗೆ ಎಷ್ಟು ವರ್ಷ? ಆಗ ಮನೇಲಿ ಯಾರ್ ಯಾರು ಇದ್ರು? ಅಜ್ಜ ಆಗ ಇದ್ರಾ?' ಎಂದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ, ಕೇಳದ ಯಾಕೆಗೂ ಸೇರಿಸಿ. ಕೂರಿಸಿಕೊಂಡು ಇಂಟರ್ವ್ಯೂ ಮಾಡಬೇಡಿ. ಅವರೆಕಾಯಿ ಸುಲಿಯುವಾಗ, ಬಟ್ಟೆ ಮಡಿಸುವಾಗ, ಇಪ್ಪತ್ತು ನಿಮಿಷ, ಒಂದು ಸಲಕ್ಕೆ ಒಬ್ಬರ ಬಳಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದರೆ ಮಾತು ಬಿಗಿಯಾಗುತ್ತದೆ, ಗುಟ್ಟಾಗಿ ಮಾಡಿದರೆ ಅದು ಮೋಸ.

ಹಾಳೆ ತುಂಬುವುದಕ್ಕೆ ನಾಲ್ಕೈದು ಭೇಟಿ ಬೇಕು. ಹೊತ್ತು ಹೋದಂತೆ ಒಂದು ವಿಚಿತ್ರ ನಡೆಯುತ್ತದೆ: 'ನಮ್ಮಪ್ಪ ಹೀಗೆ' ಎಂಬ ವ್ಯಕ್ತಿ, ಹನ್ನೊಂದನೇ ವಯಸ್ಸಿಗೆ ಅಪ್ಪನನ್ನು ಕಳೆದುಕೊಂಡು ಮೂರು ತಂಗಿಯರ ಮದುವೆ ಮಾಡಿದ ಹಿರೀಮಗನಾಗಿ ಕಾಣತೊಡಗುತ್ತಾರೆ. ಕೋಪ ಮಾಯವಾಗುತ್ತದೆಂದಲ್ಲ, ಅದರ ಉರುಬು ಇಳಿಯುತ್ತದೆ. ಅಷ್ಟಾದರೆ ಮುಂದಿನ ಹೆಜ್ಜೆಗೆ ಸಾಕು.

ಮೂವರ ಆಟ

ಇಬ್ಬರ ನಡುವೆ ಬಿಸಿ ಏರಿದಾಗ ಮೂರನೆಯವರನ್ನು ಎಳೆದುಕೊಂಡರೆ ತಣ್ಣಗಾಗುತ್ತದೆ. ಇದನ್ನು ಬೋವೆನ್ ತ್ರಿಕೋನ ಎಂದರು, ಮನೆ ಎಂಬ ಕಟ್ಟಡದ ಇಟ್ಟಿಗೆಯೇ ಅದು ಎಂದೂ ಅಂದುಕೊಂಡರು. ಅತ್ತೆ, ಸೊಸೆ, ಮಗ ನಮಗೆಲ್ಲ ಗೊತ್ತಿರುವ ತ್ರಿಕೋನ. ಆದರೆ ಮೊದಲಿನ ಬಿರುಕು ಹೆಚ್ಚಾಗಿ ಅತ್ತೆ-ಸೊಸೆಯರದ್ದಲ್ಲ, ಅತ್ತೆ-ಮಾವಂದಿರದ್ದು. ಮೂವತ್ತು ವರ್ಷ ಗಂಡನ ಜೊತೆ ಆಡದ ಮಾತನ್ನು ಆ ತಾಯಿ ಮಗನ ಜೊತೆ ಆಡಿಕೊಂಡು ಬಂದಿರುತ್ತಾರೆ. ಸೊಸೆ ಬಂದಾಗ ಅಲುಗುವುದು ಆ ಹಳೆಯ ಏರ್ಪಾಡು.

ಒಂದು ಫೋನ್ ಕಾಲನ್ನು ಹತ್ತಿರದಿಂದ ನೋಡೋಣ. ರಾತ್ರಿ ಒಂಬತ್ತು, ಹಾಸನದಿಂದ ಅಮ್ಮ.

"ನಿನ್ ಹೆಂಡ್ತಿ ನಾಲ್ಕ್ ದಿನ ಆಯ್ತು, ಒಂದ್ ಫೋನ್ ಇಲ್ಲ. ನಾನೇನ್ ಅಂದೆ ಅವಳಿಗೆ?"

ಮಗನ ಮುಂದೆ ಮೂರು ಹಳಿಗಳಿವೆ, ಮೂರೂ ಸವೆದಿವೆ. ಹೆಂಡತಿಯ ಪರ ವಕಾಲತ್ತು: "ಅವಳಿಗೆ ಆಫೀಸಲ್ಲಿ ತುಂಬ ಕೆಲ್ಸ ಅಮ್ಮ." ಅಮ್ಮನ ಪರ: "ಹೌದು, ನಾನ್ ಹೇಳ್ತೀನಿ ಬಿಡು ಅವಳಿಗೆ." ಇಲ್ಲವೇ ಮೌನ, ಹೂಂ ಹೂಂ ಅನ್ನುತ್ತಾ ಇನ್ನೊಂದು ಕೈಯಲ್ಲಿ ಕ್ರಿಕೆಟ್ ಸ್ಕೋರು. ಎರಡನೆಯದು ಎಲ್ಲಕ್ಕಿಂತ ಅಪಾಯಕಾರಿ. ಹತ್ತು ಗಂಟೆಗೆ ಅವನು ಅಡುಗೆಮನೆಗೆ ಹೋಗಿ "ಅಮ್ಮಂಗೆ ಒಂದ್ ಫೋನ್ ಮಾಡಕ್ಕೇನ್ ನಿಂಗೆ?" ಅನ್ನುತ್ತಾನೆ. ಅಮ್ಮನ ಆತಂಕ ಈಗ ಹೆಂಡತಿಯ ತಲೆಯ ಮೇಲೆ. ಅಮ್ಮ ಹಾಸನದಲ್ಲಿ ನೆಮ್ಮದಿಯಾಗಿ ಮಲಗಿದ್ದಾರೆ.

ನಾಲ್ಕನೆಯ ಹಳಿ ಹೀಗೆ: "ಹೌದಾ ಅಮ್ಮ, ನಾಲ್ಕ್ ದಿನ ಆಯ್ತಾ. ಬೇಜಾರಾಗಿರ್ಬೇಕು ನಿಂಗೆ. ಅದನ್ನ ನೀನೇ ಅವಳ ಹತ್ರ ಕೇಳು, ಈಗ್ಲೇ ಫೋನ್ ಮಾಡು, ಎದ್ದಿದಾಳೆ. ನಿನ್ ಮೊಣಕಾಲು ಹೆಂಗಿದೆ?" ಇದರಲ್ಲಿ ಮೂರು ಕೆಲಸ ಆಗಿವೆ. ಬೇಜಾರು ಕೇಳಿಸಿತೆಂದು ಹೇಳಿದ. ಇಬ್ಬರ ನಡುವಿನದನ್ನು ಇಬ್ಬರಿಗೇ ಬಿಟ್ಟ. ಕೊನೆಯದಾಗಿ, ತಾನು ಓಡಿಹೋಗಲಿಲ್ಲ, ತನಗೂ ಅಮ್ಮನಿಗೂ ಮಾತ್ರ ಸೇರಿದ ಮಾತು ತೆಗೆದ. ಮೊಣಕಾಲಿನ ಪ್ರಶ್ನೆ ಬಿಟ್ಟರೆ ಇಡೀ ಮಾತು ಕೆಡುತ್ತದೆ. 'ನೀನೇ ಕೇಳು' ಎಂಬಲ್ಲಿಗೆ ನಿಂತರೆ ಅದು ಬಾಗಿಲು ಮುಚ್ಚಿದ ಸದ್ದು.

ಎಲ್ಲಿ ಕೆಡುತ್ತದೆ ಅಂದರೆ, ಹೊಸದಾಗಿ ಓದಿಕೊಂಡವರ ದನಿಯಲ್ಲಿ. "ಅಮ್ಮ, ನೀನು ನನ್ನನ್ನ ನಡುವೆ ಎಳೀತಿದೀಯ" ಎಂದು ಪಾಠ ಹೇಳಿದಿರೋ, ಕಥೆ ಮುಗಿಯಿತು. ತ್ರಿಕೋನ, ತನ್ನತನ, ಗಡಿ ಇಂಥ ಪದಗಳು ಮನೆಯೊಳಗೆ ಬರಲೇಕೂಡದು, ಅವು ನಿಮ್ಮ ನೋಟ್‌ಬುಕ್ಕಿಗೆ. ಇನ್ನೊಂದು ತಪ್ಪು ಅಮ್ಮ ಹೇಳಿದ್ದನ್ನು ಹೆಂಡತಿಗೆ 'ಸುಮ್ನೆ ನಿಂಗೆ ಗೊತ್ತಿರ್ಲಿ ಅಂತ' ತಲುಪಿಸುವುದು. ಗೊತ್ತಿರಲಿ ಎಂದು ತಲುಪಿಸಿದ್ದೂ ತಲುಪಿಸಿದ್ದೇ.

ಹೆಣ್ಣುಮಕ್ಕಳ ಜಾಗ ಇಲ್ಲಿ ಇನ್ನೂ ಇಕ್ಕಟ್ಟು. ಮಗನಿಗೆ 'ನೀನೇ ಅವಳನ್ನ ಕೇಳು' ಎಂದು ಅಮ್ಮನಿಗೆ ಹೇಳುವ ಸಲುಗೆಯಿದೆ. ಸೊಸೆ "ಅತ್ತೆ, ಅದನ್ನ ನೀವೇ ಅವರ ಹತ್ರ ಕೇಳಿ" ಅಂದರೆ ಎದುರುತ್ತರವಾಗುತ್ತದೆ. ಆಕೆಗೆ ಹೆಚ್ಚು ಒಗ್ಗುವುದು ಮೊದಲ ಫೋನನ್ನು ತಾನೇ ಮಾಡುವುದು, ವಾರಕ್ಕೆ ಎರಡು ಸಲ, ಐದೇ ನಿಮಿಷ, ಗಂಡನ ವಿಷಯ ತೆಗೆಯದೆ. ನೇರ ತಂತಿ ಒಂದಿದ್ದರೆ ಸುದ್ದಿ ಸುತ್ತು ಹಾದಿ ಹಿಡಿಯುವುದು ಕಡಿಮೆ.

'ನಾನು' ಎಂಬ ಪದ

ಕನ್ನಡದಲ್ಲಿ ಕರ್ತೃಪದ ಬಿಟ್ಟರೂ ವಾಕ್ಯ ನಿಲ್ಲುತ್ತದೆ, ಇದು ದಾಕ್ಷಿಣ್ಯಕ್ಕೆ ಬಹಳ ಅನುಕೂಲ. 'ಆಗಲ್ಲ ಅನ್ಸತ್ತೆ', 'ನೋಡ್ಬೇಕು', 'ರಜ ಸಿಗೋದು ಕಷ್ಟ'. ಯಾರಿಗೆ ಅನ್ನಿಸುತ್ತದೆ, ಯಾರು ನೋಡಬೇಕು? ಬರಲು ಮನಸ್ಸಿಲ್ಲ ಎಂಬುದನ್ನು ರಜೆಯ ತಲೆಗೆ ಕಟ್ಟಿದ ಮೇಲೆ ಮನೆಯವರು ರಜೆಯ ಸಮಸ್ಯೆ ಬಿಡಿಸಲು ಹೊರಡುತ್ತಾರೆ: ಶನಿವಾರ ಇದೆಯಲ್ಲ, ಭಾನುವಾರ ಇದೆಯಲ್ಲ. ತಪ್ಪು ಅವರದಲ್ಲ.

ಸ್ವಂತ ನಿಲುವಿನ ಮಾತಿಗೆ ಎರಡೇ ವಾಕ್ಯ ಸಾಕು. ಮೊದಲನೆಯದರಲ್ಲಿ 'ನಾನು' ಇರಬೇಕು, ಮಾಡುವುದೋ ಮಾಡದಿರುವುದೋ ಸ್ಪಷ್ಟವಿರಬೇಕು. ಎರಡನೆಯದರಲ್ಲಿ ಸಂಬಂಧ ಇರಬೇಕು. "ನಾನು ಈ ವರ್ಷ ಜಾತ್ರೆಗೆ ಬರಲ್ಲ. ಮುಂದಿನ ತಿಂಗಳು ಮೂರು ದಿನ ಇರೋಕೆ ಬರ್ತೀನಿ." ಕಾರಣ ಒಂದಕ್ಕಿಂತ ಹೆಚ್ಚು ಕೊಡಬೇಡಿ, ಪ್ರತಿ ಕಾರಣವೂ ಮನೆಯವರು ಹಿಡಿದು ಜಗ್ಗಲು ಸಿಗುವ ಒಂದೊಂದು ಬಳ್ಳಿ. 'ನೀವು ಯಾವಾಗ್ಲೂ' ಎಂದು ಶುರುವಾಗುವ ಮಾತು ನಿಲುವಲ್ಲ, ದೂರು. ಇನ್ನು ಕೆಲವರು 'ನಾನು ಹೀಗೇ, ಇಷ್ಟ ಇದ್ರೆ ಇಟ್ಕೊಳ್ಳಿ' ಎಂದು ಹೇಳಿ ಅದನ್ನೇ ತನ್ನತನ ಎಂದುಕೊಳ್ಳುತ್ತಾರೆ. ಅದು ಬರೀ ರೋಪು. ಮೊದಲಿಗೆ ಚಿಕ್ಕ ವಿಷಯ ಆರಿಸಿಕೊಳ್ಳಿ. ಹದಿನೈದು ವರ್ಷ ಹೂಂ ಅಂದವರು ಮೊದಲ 'ಇಲ್ಲ'ವನ್ನು ಅಂತರ್ಜಾತಿ ಮದುವೆಯ ವಿಷಯದಲ್ಲಿ ಹೇಳಿದರೆ ಕೈಗೂ ಅಭ್ಯಾಸವಿಲ್ಲ, ಎದುರಿನವರ ಕಿವಿಗೂ ಇಲ್ಲ.

ಹೇಳಿದ ಮೇಲೆ ಬರುವುದನ್ನು ಮೊದಲೇ ತಿಳಿದಿರಬೇಕು. ಬೋವೆನ್ ಇದನ್ನು ಮೂರು ಮೆಟ್ಟಿಲೆಂದು ಗುರುತಿಸಿದರು, ಕನ್ನಡದ ಮನೆಗಳಲ್ಲಿ ಆ ಮೂರೂ ಹೀಗೆ ಕೇಳಿಸುತ್ತವೆ. ಮೊದಲು ನೀನು ತಪ್ಪು: "ಪಟ್ಟಣದ ಗಾಳಿ ಬಡಿದಿದೆ ನಿಂಗೆ." ಆಮೇಲೆ ಮೊದಲಿನ ಹಾಗಾಗು, ಎಲ್ಲ ಸರಿಹೋಗುತ್ತದೆ: "ನೀನು ಹೀಗಿರ್ಲಿಲ್ಲ ಕಣೋ, ಎಷ್ಟ್ ಚೆನ್ನಾಗಿದ್ದೆ." ಕೊನೆಗೆ ಆಗದಿದ್ದರೆ ನೋಡು: "ನಾವು ಸತ್ತಾಗ್ಲೂ ಬರ್ಬೇಡ." ಮೂರನೆಯದು ಬಂದಾಗ ಎಲ್ಲ ಹಾಳಾಯಿತೆಂದು ಜನ ಹಿಂದೆ ಸರಿಯುತ್ತಾರೆ. ಅಸಲಿಗೆ ಅದು ನಿಮ್ಮ ಮಾತು ಮನೆಗೆ ಮುಟ್ಟಿತೆಂಬ ಗುರುತು. ಅಲ್ಲಿ ಮಾಡಬಾರದ್ದು ಎರಡು: ತಿರುಗಿ ದಾಳಿ, ಮತ್ತು ಶರಣಾಗತಿ. ಮಾಡಬೇಕಾದ್ದು ಅದೇ ಎರಡು ವಾಕ್ಯವನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿ, ಊಟಕ್ಕೆ ಕೂರುವುದು.

ಬಿಪಿಯ ಮಾತು ಪ್ರತ್ಯೇಕ. "ನಿನ್ನಿಂದ ನನ್ ಬಿಪಿ ಏರ್ತಿದೆ" ಎಂಬುದನ್ನು ನಾಟಕ ಎಂದು ತಳ್ಳಿಹಾಕಬೇಡಿ, ಅಸ್ತ್ರ ಎಂದು ಹೆದರಲೂಬೇಡಿ. ಆರೋಗ್ಯದ ಮಾತಿಗೆ ಆರೋಗ್ಯದ ಉತ್ತರ: ಡಿಜಿಟಲ್ ಬಿಪಿ ಯಂತ್ರ ತಂದುಕೊಡಿ, ಐದು ನಿಮಿಷ ಸುಮ್ಮನೆ ಕೂತ ಮೇಲೆ ಬೆಳಿಗ್ಗೆ ಸಂಜೆ ಅಳೆದು ಒಂದು ವಾರ ಬರೆದಿಡಿ, ಆ ಚೀಟಿ ಹಿಡಿದು ಡಾಕ್ಟರ ಬಳಿ ಜೊತೆಯಲ್ಲಿ ಹೋಗಿ. ಜಾತ್ರೆಯ ತೀರ್ಮಾನ ಅದರ ಪಾಡಿಗೆ ಅದಿರಲಿ.

ಒಳಗಿನ ಕೆಲಸ ಎಂದರೆ ಧ್ಯಾನ ಶಿಬಿರ ಎಂದುಕೊಳ್ಳುವವರಿದ್ದಾರೆ. ಶಿಬಿರದ ಹತ್ತನೇ ದಿನದ ಶಾಂತಿ ಹನ್ನೊಂದನೇ ದಿನ ಅಪ್ಪನ ಒಂದು ಮಾತಿಗೆ ಕರಗಿದರೆ ಅದೂ ಎರವಲೇ. ಇಲ್ಲಿ ಬೇಕಾದ ಒಳಗೆಲಸ ಬಹಳ ಸಾದಾ. ಇನ್ನೂರು ಪುಟದ ನೋಟ್‌ಬುಕ್ಕಿನ ಪುಟಕ್ಕೆ ನಾಲ್ಕು ಕಾಲಂ: ಯಾರು ಏನಂದರು, ನನ್ನ ಮೈಯಲ್ಲಿ ಏನಾಯಿತು, ನಾನು ಏನು ಮಾಡಿದೆ, ಎಷ್ಟು ಹೊತ್ತಿಗೆ ಸರಿಹೋದೆ. ಮೈಯ ಕಾಲಂ ಮುಖ್ಯ. ಕಿವಿ ಬಿಸಿಯಾಗುವುದು, ದವಡೆ ಬಿಗಿಯುವುದು, ಗಂಟಲು ಕಟ್ಟುವುದು, ಒಬ್ಬೊಬ್ಬರಿಗೆ ಒಂದೊಂದು ಮುನ್ಸೂಚನೆ. ಬಾಯಿ ತೆರೆಯುವುದಕ್ಕೆ ಮುಂಚೆ ಬರುತ್ತದೆ. ಅದನ್ನು ಗುರುತಿಸಿದರೆ ಒಂದು ಉಸಿರಿನಷ್ಟು ಬಿಡುವು ಸಿಗುತ್ತದೆ. ಒಳಗೆಳೆದ ಉಸಿರಿಗಿಂತ ಹೊರಬಿಡುವ ಉಸಿರು ಉದ್ದವಿರಲಿ, ನಾಲ್ಕು ಎಣಿಸಿ ಎಳೆದರೆ ಆರು ಎಣಿಸಿ ಬಿಡಿ, ಐದಾರು ಸಲ. ಕೋಪ ಹೋಗುವುದಿಲ್ಲ, ಬಾಯಿ ನಿಮ್ಮ ಹತೋಟಿಗೆ ಬರುತ್ತದೆ. ನಾಲ್ಕನೆಯ ಕಾಲಂನಲ್ಲಿ ಮೂರು ದಿನ ಇದ್ದದ್ದು ಮೂರು ಗಂಟೆಗೆ ಇಳಿದರೆ ಅದೇ ಪ್ರಗತಿ. ಅಪ್ಪ ಬದಲಾದರೇ ಎಂಬುದಕ್ಕೆ ಕಾಲಂ ಇಲ್ಲ, ಹಾಕಲೂಬೇಡಿ.

ಬೋವೆನ್ ತಮ್ಮ ಸ್ವಂತ ಮನೆಯ ಮೇಲೆ ಇದನ್ನೆಲ್ಲ ಪ್ರಯೋಗಿಸಿ 1967ರಲ್ಲಿ ಸಹೋದ್ಯೋಗಿಗಳ ಸಭೆಯಲ್ಲಿ ಹೇಳಿಕೊಂಡರು. ಆ ಬರಹ 1972ರಲ್ಲಿ ಅಚ್ಚಾದಾಗ ಲೇಖಕನ ಹೆಸರಿರಲಿಲ್ಲ. ಮನೆಯವರ ವಿಷಯ ಬಯಲಿಗೆ ತರುವಾಗ ಅಷ್ಟು ಸಂಕೋಚ ಅವರಿಗೂ ಇತ್ತು. ಅವರ ವಿಚಾರಗಳಿಗೆ ಟೀಕೆಯೂ ಬಂದಿದೆ, ನ್ಯಾಯವಾದ ಟೀಕೆ. ಆ ಕಾಲದ ಸಂಶೋಧನೆ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಯ ಬೇರನ್ನು ತಾಯಿ-ಮಗುವಿನ ಸಂಬಂಧದಲ್ಲಿ ಹುಡುಕಿತು. ತಾಯಿಯಿಂದ ಆ ಕಾಯಿಲೆ ಬರುವುದಿಲ್ಲ ಎಂಬುದು ಇವತ್ತು ಸ್ಪಷ್ಟ. ತಣ್ಣನೆಯ ಯೋಚನೆಗೆ ಹೆಚ್ಚು ಬೆಲೆ, ಆರೈಕೆಗೆ ಕಡಿಮೆ ಬೆಲೆ ಕೊಟ್ಟರೆಂದು ಸ್ತ್ರೀವಾದಿ ಚಿಕಿತ್ಸಕರು ಹೇಳಿದರು. ನಮ್ಮಂಥ ಸಮಾಜಗಳಿಗೆ ಟರ್ಕಿಯ ಮನಶ್ಶಾಸ್ತ್ರಜ್ಞೆ ಚಿಯ್ದೆಮ್ ಕಾಯ್ತ್‌ಚಿಬಾಶಿ ಅವರ ಮಾತು ಹೆಚ್ಚು ಹೊಂದುತ್ತದೆ: ಸ್ವಂತ ನಿರ್ಧಾರ ಮತ್ತು ನಂಟು ಒಂದು ಗೆರೆಯ ಎರಡು ತುದಿಗಳಲ್ಲ, ಎರಡು ಬೇರೆ ಗೆರೆಗಳು, ಎರಡರಲ್ಲೂ ಮುಂದಿರುವವರು ಇರಬಹುದು.

ಇದೆಲ್ಲ ಎಲ್ಲರಿಗೂ ಅಲ್ಲ. ಹೊಡೆತ, ಬೆದರಿಕೆ, ಸಂಬಳದ ಕಾರ್ಡು ಕಸಿದುಕೊಳ್ಳುವುದು ಇರುವ ಮನೆಯಲ್ಲಿ ಎರಡು ವಾಕ್ಯದ ಪ್ರಯೋಗ ಮಾಡಲು ಹೋಗಬೇಡಿ. ಅಲ್ಲಿ ಮೊದಲು ಸುರಕ್ಷಿತ ಜಾಗ, ಮಹಿಳೆಯರಿಗೆ 181 ಸಹಾಯವಾಣಿ. ಮನಸ್ಸು ತೀರಾ ಕುಸಿದಿದ್ದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ನಲ್ಲಿ ಮನೆಮಂದಿಯ ಜೊತೆಗೇ ಕೆಲಸ ಮಾಡುವ ಕುಟುಂಬ ಮನೋವೈದ್ಯ ಕೇಂದ್ರವಿದೆ.

ಗೌರಿ ಹಬ್ಬ ಮತ್ತು ಒಂದು ಸಹಿ

ಎಲ್ಲ ಎಳೆಗಳೂ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುವ ಜಾಗ ನಮ್ಮಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿ. ಅಪ್ಪ ಹೋದ ವರ್ಷ ತುಂಬುವುದರೊಳಗೆ ಅಣ್ಣನ ಫೋನು: "ಸುಮ್ನೆ ಒಂದ್ ಸಹಿ, ಖಾತೆ ಮಾಡ್ಸೋಕೆ." ಸುಮ್ಮನೆ ಸಹಿ ಎಂಬುದು ರಿಲೀಸ್ ಡೀಡ್, ಅಂದರೆ ಹಕ್ಕು ಖುಲಾಸೆ ಪತ್ರ. ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ, ಆ ಹೊತ್ತಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲಿತ್ತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಮದುವೆಯ ಭೇದ ತೆಗೆಯಿತು. ಆ ದಿನ ತಂದೆ ಬದುಕಿರಬೇಕೆಂದಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿ ಪಾಲಾಗಿದ್ದರೆ ಅದು ಹಾಗೇ ಉಳಿಯುತ್ತದೆ.

ಕಾನೂನು ಗೊತ್ತಿದ್ದೂ ಕೈ ಸಹಿಗೆ ಹೋಗುತ್ತದೆ, ಏಕೆಂದರೆ ಭಯವಿರುವುದು ಆಸ್ತಿಯದ್ದಲ್ಲ. ಪಾಲು ಕೇಳಿದರೆ ಗೌರಿ ಹಬ್ಬಕ್ಕೆ ಅಣ್ಣ ಬರುವುದಿಲ್ಲ, ತವರಿನ ಅರಿಸಿನ ಕುಂಕುಮ ನಿಲ್ಲುತ್ತದೆ. ಪಾಲು ಬೇಕೆನ್ನುವುದೇ ತನ್ನತನ ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಗೊತ್ತಿದ್ದು, ಯೋಚಿಸಿ, ಅಣ್ಣನಿಗೇ ಇರಲಿ ಎಂದು ಬಿಟ್ಟುಕೊಡುವವರೂ ತಮ್ಮ ಕಾಲ ಮೇಲೇ ನಿಂತಿದ್ದಾರೆ. ಕೆಲಸ ಕೆಡುವುದು ಗಂಟಲು ಕಟ್ಟಿದ ಹೊತ್ತಿನಲ್ಲಿ, ಕಾರು ಹೊರಗೆ ಕಾಯುತ್ತಿರುವಾಗ, ಮೂವರು ಹಿರಿಯರು ಸುತ್ತ ಕೂತಿರುವಾಗ ಹಾಕುವ ಸಹಿಯಿಂದ. ನೋಂದಣಿಯಾದ ಮೇಲೆ ಅದನ್ನು ಬಿಡಿಸುವುದಕ್ಕೆ ಕೋರ್ಟೇ ಗತಿ.

ಅಲ್ಲಿಗೆ ಎರಡು ವಾಕ್ಯ: "ಅಣ್ಣ, ನಾನು ಪತ್ರದ ನಕಲು ಓದದೆ ಸಹಿ ಹಾಕಲ್ಲ, ಒಂದು ತಿಂಗಳು ಕೊಡು. ಹಬ್ಬಕ್ಕೆ ನೀನೂ ಅತ್ತಿಗೆನೂ ಬರ್ಬೇಕು." ಆ ತಿಂಗಳಲ್ಲಿ ಪಹಣಿ, ಮ್ಯುಟೇಶನ್, ಹಳೆಯ ಪಾಲುಪತ್ರ ಇದ್ದರೆ ಅದು, ಎಲ್ಲ ತೆಗೆಸಿ, ಮನೆಗೆ ಸಂಬಂಧವಿಲ್ಲದ ಒಬ್ಬ ವಕೀಲರಿಗೆ ತೋರಿಸಿ. ಗಂಡನನ್ನು ಅಣ್ಣನ ಮುಂದೆ ಮಾತಿಗೆ ಬಿಡಬೇಡಿ, ಅದು ಇನ್ನೊಂದು ತ್ರಿಕೋನ. ಅಣ್ಣನ ಫೋನುಗಳು ನಿಲ್ಲಬಹುದು. ನಿಂತರೆ ನಿಮ್ಮದು ನಿಲ್ಲದಿರಲಿ. ವಾರಕ್ಕೊಮ್ಮೆ, ಯಾವ ದಿನ ಮಾಡುತ್ತಿದ್ದಿರೋ ಅದೇ ದಿನ, ಜಮೀನಿನ ಮಾತು ಎತ್ತದೆ: ಮಳೆ ಆಯ್ತಾ, ಮಗನ ರಿಸಲ್ಟ್ ಬಂತಾ, ಅತ್ತಿಗೆ ಸೊಂಟ ನೋವು ಹೆಂಗಿದೆ. ಎತ್ತದಿದ್ದರೆ ಮುಂದಿನ ವಾರ ಮತ್ತೆ ಮಾಡಿ.